ರಜೆ ಕೊಟ್ಟು ಭಾನುವಾರ ಕಿತ್ತುಕೊಂಡರೆ?

ಮೆಲ್ಬರ್ನ್‌ಗೆ ಬಂದ ಮೊದಲ ವರ್ಷದ ಮಾತು. ಇಲ್ಲಿ ಕಾರ್ಮಿಕರ ದಿನ ಮೇ 1 ಅಲ್ಲ, ಮಾರ್ಚ್ ತಿಂಗಳ ಎರಡನೇ ಸೋಮವಾರ. ಅವತ್ತು ಕಾಫಿ ಅಂಗಡಿಯ ಕೌಂಟರ್ ಮೇಲೆ ಚೀಟಿ ಅಂಟಿಸಿದ್ದರು: ರಜಾ ದಿನ, ಬಿಲ್ಲಿಗೆ ಶೇ 15 ಜಾಸ್ತಿ. ನನಗೆ ಸಿಟ್ಟು ಬಂತು. ಯಾಕೆ ಅಂತ ಕೇಳಿದೆ. ಇವತ್ತು ಕೆಲಸ ಮಾಡುವ ನಮಗೆ ದುಪ್ಪಟ್ಟಿಗಿಂತ ಜಾಸ್ತಿ ಸಂಬಳ ಕೊಡಲೇಬೇಕು, ಅದಕ್ಕೆ ಅಂದಳು ಕಾಫಿ ಮಾಡುತ್ತಿದ್ದ ಹುಡುಗಿ. ಸುಮ್ಮನೆ ದುಡ್ಡು ಕೊಟ್ಟು ಬಂದೆ.

ಆ ರಜೆ, ಆ ಸಂಬಳ ಯಾರೋ ಕರುಣೆಯಿಂದ ಕೊಟ್ಟಿದ್ದಲ್ಲ. 1856ರ ಏಪ್ರಿಲ್ 21ರಂದು ಇಲ್ಲಿನ ವಿಶ್ವವಿದ್ಯಾಲಯದ ಕಟ್ಟಡ ಕಟ್ಟುತ್ತಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆ ಕೆಳಗಿಟ್ಟು, ಪಾರ್ಲಿಮೆಂಟ್ ಕಟ್ಟಡದ ಕಡೆಗೆ ಮೆರವಣಿಗೆ ಹೊರಟರು. ಎಂಟು ಗಂಟೆ ಕೆಲಸ, ಕೂಲಿ ಕಡಿಮೆ ಮಾಡಬಾರದು, ಇಷ್ಟೇ ಅವರ ಬೇಡಿಕೆ. ಗೆದ್ದರು. ಮೊದಲು ಸಿಕ್ಕಿದ್ದು ಕಟ್ಟಡ ಕೆಲಸದವರಿಗೆ ಮಾತ್ರ. ಉಳಿದವರು ದಶಕಗಟ್ಟಲೆ ಕಾಯಬೇಕಾಯಿತು. ಕಾರ್ಮಿಕ ಸಂಘಗಳ ಕಚೇರಿಯ ಎದುರು ಒಂದು ಕಂಬವಿದೆ, ಮೇಲೆ 888 ಅಂತ ಅಂಕಿ: ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ನಿದ್ದೆ.

ಇಲ್ಲೂ ಎಲ್ಲ ಸರಿಯಿಲ್ಲ. ನಮ್ಮ ದೇಶದಿಂದ ಓದಲು ಬಂದ ಮಕ್ಕಳಿಗೆ ಲೆಕ್ಕಕ್ಕೆ ತೋರಿಸದೆ ಕೈಗೆ ನಗದು ಕೊಟ್ಟು, ಕಡಿಮೆ ಕೂಲಿಗೆ ದುಡಿಸುವ ಹೋಟೆಲುಗಳಿವೆ. ಆದರೆ ಬೇಕಂತಲೇ ಸಂಬಳ ಕಡಿಮೆ ಕೊಡುವುದು 2025ರ ಜನವರಿಯಿಂದ ಆಸ್ಟ್ರೇಲಿಯಾದಾದ್ಯಂತ ಅಪರಾಧ.

ನಮ್ಮೂರಲ್ಲಿ ಗಾಳಿ ಇನ್ನೊಂದು ಕಡೆ ಬೀಸುತ್ತಿದೆ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ದಿನಕ್ಕೆ 12 ಗಂಟೆವರೆಗೂ ಕೆಲಸ ಮಾಡಿಸಲು ದಾರಿ ಮಾಡಿಕೊಟ್ಟಿತು. ವಾರಕ್ಕೆ 48 ಗಂಟೆ ಮೀರುವಂತಿಲ್ಲ, ಕಾರ್ಮಿಕರು ಒಪ್ಪಬೇಕು ಅನ್ನುತ್ತಾರೆ. ಬಾಡಿಗೆ ಕಟ್ಟಬೇಕಾದ ಹೆಂಗಸು ಸೂಪರ್‌ವೈಸರ್ ಎದುರು ನಿಂತು "ಆಗಲ್ಲ ಸಾರ್" ಅನ್ನೋಕಾಗುತ್ತಾ?

ನಮ್ಮತ್ತಿಗೆ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಕಾಲರ್ ಹೊಲಿಯುವ ಕೆಲಸ. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್. ನೀರು ಕುಡಿದರೆ ಪದೇ ಪದೇ ಎದ್ದು ಹೋಗಬೇಕಾಗುತ್ತೆ ಅಂತ ತುಂಬಿದ ಬಾಟಲಿಯನ್ನು ಹಾಗೇ ವಾಪಸ್ ತರುತ್ತಾರೆ. ಮೇ 1ರ ಸಂಜೆ ಫೋನ್ ಮಾಡಿ, "ರಜೆ ಇತ್ತಾ ಅತ್ತಿಗೆ?" ಅಂದೆ.

"ಇತ್ತು ಕಣಪ್ಪ. ಭಾನುವಾರ ಹೋಗಿ ತುಂಬಿಸಿ ಕೊಡ್ಬೇಕು" ಅಂದರು.

ಮೇ 1ರಂದು ಶುಭಾಶಯದ ಜಾಹೀರಾತು ಹಾಕಿಸುವ ಸರ್ಕಾರ, ಆಮೇಲಿನ ಭಾನುವಾರ ಕಾರ್ಮಿಕ ಇಲಾಖೆಯವರನ್ನು ಗಾರ್ಮೆಂಟ್ಸ್ ಗೇಟಿನ ಮುಂದೆ ನಿಲ್ಲಿಸಲಿ. ಬೆಳಗ್ಗೆ ಎಷ್ಟು ಜನ ಒಳಗೆ ಹೋದರು, ಯಾವ ಲೆಕ್ಕದಲ್ಲಿ ಹೋದರು ಅಂತ ಬರೆದುಕೊಳ್ಳಲಿ.