ತಂತಿಹುಳು ತಡೆಯಲು ವಿಷವಿಲ್ಲದ ದಾರಿ ಸಾಕಾ?

ಪರ: ಸಾಕು, ಆದರೆ ಬಿತ್ತನೆಗೆ ಮೊದಲೇ ಶುರು ಮಾಡಬೇಕು

ಕಿತ್ತ ಆಲೂಗಡ್ಡೆಯ ಸಿಪ್ಪೆ ಮೇಲೆ ಮೊಳೆ ಹೊಡೆದಂಥ ಸಣ್ಣ ತೂತು ಕಂಡರೆ ಹೆಚ್ಚಿ ನೋಡಿ. ತೂತು ಒಳಗೆ ಸುರಂಗವಾಗಿ ಹೋಗಿರುತ್ತದೆ. ಕೆಲವೊಮ್ಮೆ ಅದರ ಕೊನೆಯಲ್ಲಿ ಹುಳುವೂ ಸಿಗುತ್ತದೆ. ಹೊಳೆಯುವ ಹಳದಿ-ಕಂದು ಮೈ, ಬೆರಳಲ್ಲಿ ಒತ್ತಿದರೂ ಬೇಗ ನಜ್ಜಾಗದಷ್ಟು ಗಟ್ಟಿ. ಅಂಗಾತ ಬಿದ್ದರೆ ಟಕ್ ಅಂತ ಚಿಮ್ಮಿ ಏಳುವ ಜೀರುಂಡೆ ಇದೆಯಲ್ಲ, ಅದರ ಮರಿಯೇ ಈ ತಂತಿಹುಳು.

ಈ ಮರಿ ಒಂದು ಬೆಳೆಗೆ ಮುಗಿಯುವುದಿಲ್ಲ. ಹೆಚ್ಚಿನ ಜಾತಿಗಳಲ್ಲಿ 2ರಿಂದ 5 ವರ್ಷ ಮಣ್ಣಿನಲ್ಲೇ ಇರುತ್ತದೆ. ಮೇಲ್ಮಣ್ಣು ಒಣಗಿದರೆ ಕೆಳಗಿಳಿಯುತ್ತದೆ, ಹದ ಬಂದಾಗ ಮೇಲೆ ಬರುತ್ತದೆ. ಇಂಥದ್ದಕ್ಕೆ ಒಂದು ಸಲ ವಿಷ ಹಾಕಿ ಕೈ ತೊಳೆದುಕೊಳ್ಳುವುದು ಹೇಗೆ? ನಿಯೋನಿಕೋಟಿನಾಯ್ಡ್ ಅನ್ನುವ ಕೀಟನಾಶಕ ಲೇಪಿಸಿದ ಬೀಜ ತಿಂದ ಹುಳುಗಳಲ್ಲಿ ಎಷ್ಟೋ ಸಾಯುವುದೇ ಇಲ್ಲ. ಮಂಪರು ಹಿಡಿದು ಬಿದ್ದಿದ್ದು, ಆಮೇಲೆ ಚೇತರಿಸಿಕೊಳ್ಳುತ್ತವೆ. ಪೈರು ಪಾರಾಯಿತು ಅಂತ ನಾವು ನೆಮ್ಮದಿಯಾಗಿರುತ್ತೇವೆ, ಹುಳು ಮುಂದಿನ ಬೆಳೆಗೆ ಕಾಯುತ್ತಿರುತ್ತದೆ. ಹಿಂದೆ ಇದಕ್ಕೇ ಬಳಸುತ್ತಿದ್ದ ಲಿಂಡೇನ್ ಅನ್ನುವ ಕೀಟನಾಶಕ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು. 2009ರಲ್ಲಿ ಅದು, ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿ ಸೇರಿತು.

ಮೊದಲು ಹೊಲದಲ್ಲಿ ಹುಳು ಇದೆಯಾ ಅಂತ ನೋಡೋಣ. ನೆನೆಸಿದ ಗೋಧಿ, ಮೆಕ್ಕೆಜೋಳವನ್ನು ಅಲ್ಲಲ್ಲಿ ಗುಣಿ ತೆಗೆದು ಹೂಳಿ, ಗುರುತಿಗೆ ಕಡ್ಡಿ ನೆಡಿ. ಮೊಳಕೆ ಬಿಡುವ ಕಾಳಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಹಿಡಿದು ಹುಳು ಹುಡುಕಿಕೊಂಡು ಬರುತ್ತದೆ. ಒಂದೆರಡು ವಾರ ಬಿಟ್ಟು ಅಗೆದು, ಮಣ್ಣು ಕೈಯಲ್ಲಿ ಪುಡಿ ಮಾಡುತ್ತಾ ಎಣಿಸಿ. ಹುಳು ಜಾಸ್ತಿ ಇದ್ದ ಕಡೆ ಆ ವರ್ಷ ಆಲೂಗಡ್ಡೆ ಬೇಡ.

ಹಳೇ ಹುಲ್ಲುಗಾವಲು ಮುರಿದ ನೆಲದಲ್ಲಂತೂ ಇನ್ನೂ ಎಚ್ಚರ ಬೇಕು, ಜೀರುಂಡೆ ಮೊಟ್ಟೆ ಇಡುವುದೇ ಹುಲ್ಲಿನ ಬುಡದಲ್ಲಿ. ಉತ್ತರೆ ಹುಳು ಮೇಲೆ ಬೀಳುತ್ತವೆ, ಹಕ್ಕಿಗಳು ನೇಗಿಲ ಹಿಂದೆಯೇ ಬಂದು ಹೆಕ್ಕುತ್ತವೆ. ಗೆಡ್ಡೆ ಬಲಿತ ಮೇಲೆ ನೆಲದಲ್ಲಿ ಸುಮ್ನೆ ಬಿಡಬಾರದು. ಬಿಟ್ಟಷ್ಟು ದಿನವೂ ತೂತು ಹೆಚ್ಚುತ್ತದೆ.

ವಿರೋಧ: ಅಷ್ಟು ಕಾಲ ಯಾರ ಕೈಲಿದೆ?

ಕಾಳು ಹೂಳಿ ನೋಡುವುದು ಒಳ್ಳೆಯದೇ, ನಾನೂ ಒಪ್ಪುತ್ತೇನೆ. ಆದರೆ ನೆಲ ತಣ್ಣಗಿದ್ದರೆ, ಒಣಗಿದ್ದರೆ ಹುಳು ಆಳದಲ್ಲೇ ಇರುತ್ತದೆ, ಕಾಳಿನ ಹತ್ತಿರ ಬರುವುದೇ ಇಲ್ಲ. ಗುಣಿ ಖಾಲಿ ಅಂದರೆ ಹೊಲ ಖಾಲಿ ಅಂತಲ್ಲ ಅಲ್ವಾ?

ಸಾಸಿವೆ ಬೆಳೆದು ಮಣ್ಣಿಗೆ ಸೇರಿಸಿ ಅನ್ನುತ್ತಾರೆ. ಸಾಸಿವೆ ಗಿಡ ಜಜ್ಜಿದಾಗ ಬರುವ ಘಾಟು ಹುಳುವಿಗೆ ವಿಷ, ನಿಜ. ಆದರೆ ಗಿಡ ನುಣ್ಣಗೆ ತುಂಡಾಗಬೇಕು, ತಕ್ಷಣ ಮಣ್ಣು ಮುಚ್ಚಬೇಕು, ಮಣ್ಣಲ್ಲಿ ತೇವ ಇರಬೇಕು. ತಡವಾದರೆ ಘಾಟು ಗಾಳಿಗೆ ಹೋಯಿತು. ಮೆಟರೈಜಿಯಂ ಶಿಲೀಂಧ್ರದ ಕತೆಯೂ ಹೀಗೇ. ಅದು ಹುಳುವಿನ ಮೈಗೆ ಅಂಟಿ, ಒಳಗೆ ಬೆಳೆದು ಕೊಲ್ಲುತ್ತದೆ, ಆದರೆ ಮಣ್ಣು ಬೆಚ್ಚಗಿರಬೇಕು, ವಾರಗಟ್ಟಲೆ ಸಮಯ ಬೇಕು. ಮೆಕ್ಕೆಜೋಳದ ಸಸಿಗೆ ಅಷ್ಟು ಸಮಯ ಇಲ್ಲ. ನೆಲದೊಳಗಿನ ಸುಳಿಯನ್ನು ಹುಳು ಕೊರೆದರೆ ಮೊದಲು ನಡುವಿನ ಎಲೆ ಬಾಡುತ್ತದೆ, ಆಮೇಲೆ ಗಿಡವೇ ಹೋಗುತ್ತದೆ. ಸಾಲಿನಲ್ಲಿ ಅಲ್ಲಲ್ಲಿ ಬೋಳು ಬೀಳುತ್ತದೆ.

ಉಳುಮೆ ಮಾತು ನನಗೆ ಜಾಸ್ತಿ ನೋವು ಕೊಡುತ್ತದೆ. ಮತ್ತೆ ಮತ್ತೆ ಉತ್ತರೆ ಎರೆಹುಳುವೂ ಸಾಯುತ್ತದೆ, ಮಣ್ಣಿನ ಸಾರವೂ ಕರಗುತ್ತದೆ. ಮಣ್ಣು ಉಳಿಸಲು ಅಂತ ಹೊರಟು ಮಣ್ಣನ್ನೇ ಕೆಡಿಸಿದ ಹಾಗಾಯಿತು. ಅದಕ್ಕಿಂತ, ಹುಳು ಇದೆ ಅಂತ ಖಾತ್ರಿಯಾದ ತಾಕಿಗೆ ಮಾತ್ರ, ಕಾನೂನು ಒಪ್ಪಿದ ಔಷಧಿಯಿಂದ ಬೀಜೋಪಚಾರ ಮಾಡುವುದು ಕಡಿಮೆ ಹಾನಿಯ ದಾರಿ ಅಂತ ನನ್ನ ಅನಿಸಿಕೆ.

ಇನ್ನು ಬೆಳೆ ಸರದಿ. 4-5 ವರ್ಷ ಯೋಚಿಸಿ ಬೆಳೆ ಬದಲಿಸಿ ಅನ್ನುವುದು ಸ್ವಂತ ಜಮೀನು ಇದ್ದವರಿಗೆ ಸರಿ. ಒಂದು ವರ್ಷದ ಗುತ್ತಿಗೆಗೆ ಹೊಲ ಹಿಡಿದವರು ಏನು ಮಾಡಬೇಕು? ಹಿಂದಿನವರು ಬಿಟ್ಟುಹೋದ ಹುಳು ಅವರ ಪಾಲಿಗೆ ಬರುತ್ತದೆ. ಅವರು ಪಟ್ಟ ಪಾಡಿನ ಫಲ ಮುಂದಿನವರಿಗೆ ಹೋಗುತ್ತದೆ. ಈ ವರ್ಷದ ಗುತ್ತಿಗೆ ಹಣವನ್ನು ಮಾತ್ರ ಈ ವರ್ಷದ ಬೆಳೆಯಿಂದಲೇ ಕಟ್ಟಬೇಕು.