ಥ್ರಿಲ್ಲರ್ ನೋಡುವಾಗ ನಗಬಾರದಂತೆ!

ಮೊನ್ನೆ ರಾತ್ರಿ ಅಕ್ಕನ ಮನೆಯಲ್ಲಿ ಎಲ್ಲರೂ ಕೂತು ಒಂದು ಹೊಸ ಥ್ರಿಲ್ಲರ್ ನೋಡುತ್ತಿದ್ದೆವು. ಹೆಸರು ಬೇಡ, ನಿಮಗೆಲ್ಲ ಗೊತ್ತಿರುವ ಸರಕೇ. ಮಳೆ ನಿಲ್ಲುವುದೇ ಇಲ್ಲ. ಯಾರ ಮನೆಯಲ್ಲೂ ಸರಿಯಾಗಿ ಉರಿಯುವ ಒಂದು ಬಲ್ಬ್ ಇಲ್ಲ. ಪೊಲೀಸ್ ಅಧಿಕಾರಿಗೆ ನಿದ್ದೆ ಇಲ್ಲ, ಹೆಂಡತಿ ಬಿಟ್ಟು ಹೋಗಿದ್ದಾಳೆ. ಕೊಲೆಗಾರನಿಗೆ ಚಿಕ್ಕಂದಿನಲ್ಲಿ ಏನೋ ಆಗಿದೆ. ಆ ಅಧಿಕಾರಿ ಹೆಣದ ಪಕ್ಕ ನಿಂತು, ಬಹಳ ಹೊತ್ತು ಯೋಚಿಸಿ, "ಇದು ಕೊಲೆ" ಎಂದ. ಕತ್ತೇ ಇಲ್ಲದ ಹೆಣ ಸ್ವಾಮಿ ಅದು. ನಾನು ಜೋರಾಗಿ ನಕ್ಕೆ. ಅಕ್ಕನ ಮಗ ತಿರುಗಿ, "ಸುಮ್ನಿರು ಮಾಮ, ಇದು ಸೀರಿಯಸ್ ಸಿನಿಮಾ" ಎಂದ.

ಆಗಿನಿಂದ ತಲೆ ಕೆಟ್ಟಿದೆ. ಥ್ರಿಲ್ಲರ್ ಅಂದರೆ ಮುಖ ಗಂಟು ಹಾಕಿಕೊಂಡೇ ಇರಬೇಕು ಅಂತ ಯಾರು ಕಾನೂನು ಮಾಡಿದರು?

ಈಗ ನಗಿಸುತ್ತಲೇ ಹೆದರಿಸುವ 'ಬೊಮ್ಮೈ' ಬಗ್ಗೆ ಬರೆಯಲೇಬೇಕು. ಬೊಮ್ಮೈ ಅಂದರೆ ತಮಿಳಿನಲ್ಲಿ ಗೊಂಬೆ. ನನ್ನ ಹಳೇ ತಮಿಳು ಸಿನಿಮಾ ಹುಚ್ಚು ಗೊತ್ತಿರುವವರು "ಮತ್ತೆ ಶುರು ಮಾಡಿದ" ಅಂತ ಮುಂದಕ್ಕೆ ಹೋಗಬಹುದು, ಬೇಜಾರಿಲ್ಲ. 1964ರ ಸಿನಿಮಾ, ಕಪ್ಪು ಬಿಳುಪು. ಎಸ್. ಬಾಲಚಂದರ್ ನಿರ್ದೇಶನ. ಇನ್ನೊಬ್ಬ ನಿರ್ದೇಶಕ ಕೆ. ಬಾಲಚಂದರ್ ಅಲ್ಲ ಮಹರಾಯರೇ, ವೀಣೆ ನುಡಿಸುತ್ತಿದ್ದ ಬಾಲಚಂದರ್. ಪ್ರತಿ ಸಲವೂ ಇದನ್ನು ಹೇಳಬೇಕಾಗುತ್ತದೆ ನೋಡಿ, ಅದೇ ನನಗೆ ಸಂಕಟ.

ಕಥೆ ಇಷ್ಟೇ. ಒಬ್ಬ ಶ್ರೀಮಂತ ವ್ಯಾಪಾರಿಯನ್ನು ಮುಗಿಸಬೇಕು. ಅದಕ್ಕೆ ಒಂದು ಚಂದದ ಗೊಂಬೆಯೊಳಗೆ ಬಾಂಬ್ ಇಡುತ್ತಾರೆ. ಗೊಂಬೆ ಆ ಮನುಷ್ಯನ ಜೊತೆ ಹೋದರೆ ಕೆಲಸ ಮುಗಿಯಿತು. ಆದರೆ ಗೊಂಬೆ ದಾರಿ ತಪ್ಪುತ್ತದೆ. ಏನೂ ಗೊತ್ತಿಲ್ಲದವರ ಕೈಗೆ ಸಿಗುತ್ತದೆ, ಅಲ್ಲಿಂದ ಇನ್ನೊಬ್ಬರ ಕೈಗೆ. ಬಾಂಬ್ ಇಟ್ಟವರೇ ಅದರ ಹಿಂದೆ ಓಡಬೇಕು! ಕೊಲ್ಲಲು ಹೊರಟವರು ಈಗ ಬೆವರು ಒರೆಸಿಕೊಳ್ಳುತ್ತಾ ಗೊಂಬೆ ಹುಡುಕುತ್ತಿದ್ದಾರೆ. ಪೊಲೀಸರಿಗೆ ಹೇಳುವ ಹಾಗಿಲ್ಲ, ಬಿಟ್ಟುಬಿಡುವ ಹಾಗೂ ಇಲ್ಲ.

ಇದರಲ್ಲಿ ಹೆದರಿಕೆ ಯಾವುದು, ತಮಾಷೆ ಯಾವುದು ಅಂತ ಬೇರೆ ಮಾಡಿ ತೋರಿಸಿ ನೋಡೋಣ. ಆಗಲ್ಲ. ಗೊಂಬೆ ಹಿಡಿದವರು ಖುಷಿಯಾಗಿ ನಗುತ್ತಾರೆ, ನಮಗೆ ಎದೆ ಹೊಡೆದುಕೊಳ್ಳುತ್ತದೆ. ಖಳರು ಒದ್ದಾಡುತ್ತಾರೆ, ನಮಗೆ ನಗು ಬರುತ್ತದೆ. ಎರಡಕ್ಕೂ ಕಾರಣ ಆ ಒಂದೇ ಬಾಂಬ್. ನಮ್ಮ ಹುಡುಗನ ಸೀರಿಯಸ್ ಸಿನಿಮಾದಲ್ಲಿ ಮೂರು ಹೆಣ ಬಿದ್ದರೂ ನನಗೆ ಇಷ್ಟು ಭಯ ಆಗಲಿಲ್ಲ.

"ಅಯ್ಯೋ, ಹಳೇ ಸಿನಿಮಾಗಳ ಕಾಮಿಡಿ ಅಂದ್ರೆ ಕಥೆಗೆ ಸಂಬಂಧವೇ ಇರಲ್ಲ" ಅಂತ ಒಬ್ಬರಾದರೂ ಬರೆಯುತ್ತಾರೆ, ಗೊತ್ತು. ಬಹಳ ಸಿನಿಮಾಗಳ ವಿಷಯದಲ್ಲಿ ಅದು ನಿಜ. ಹಾಸ್ಯನಟರ ಜೋಡಿ ಬರುತ್ತದೆ, ಒಂದು ಜಗಳ, ಒಂದು ಹಾಡು, ಹೋಗುತ್ತದೆ. ಆ ಭಾಗವನ್ನು ಪೂರ್ತಿ ಕತ್ತರಿಸಿದರೂ ಕಥೆಗೆ ಏನೂ ಆಗಲ್ಲ. ತಮಿಳಿನಲ್ಲೂ ಅದೇ, ನಮ್ಮಲ್ಲೂ ಅದೇ. ಆದರೆ ಈ ಸಿನಿಮಾದ ತಮಾಷೆಯನ್ನು ಕತ್ತರಿಸಲು ಕೂತರೆ ಗೊಂಬೆಯನ್ನೇ ತೆಗೆಯಬೇಕು. ಆಮೇಲೆ ಉಳಿಯುವುದೇನು, ಸೊನ್ನೆ.

ಇನ್ನೊಬ್ಬರು ಬರುತ್ತಾರೆ, "ಹಿಚ್‌ಕಾಕ್ ನೋಡಿ ಮಾಡಿದ್ದು ಸಾರ್" ಅಂತ. ಇರಲಿ. ಥ್ರಿಲ್ಲರ್‌ಗಳಿಗೇ ಹೆಸರಾದ ಆ ಇಂಗ್ಲಿಷ್ ನಿರ್ದೇಶಕನ 1936ರ 'ಸಬೊಟಾಜ್' ನೋಡಿದವರಿಗೆ ಅದು ನೆನಪಾಗೇ ಆಗುತ್ತದೆ. ಅದರಲ್ಲಿ ಒಬ್ಬ ಹುಡುಗ ತನಗೆ ಗೊತ್ತಿಲ್ಲದೇ ಬಾಂಬ್ ಹೊತ್ತು ಲಂಡನ್ನಿನ ಬಸ್ಸು ಹತ್ತುತ್ತಾನೆ. ಬಾಂಬ್ ಸಿಡಿಯುತ್ತದೆ, ಹುಡುಗ ಸಾಯುತ್ತಾನೆ. ಜನ ಸಿಟ್ಟಾದರು. ಆ ಹುಡುಗನನ್ನು ಸಾಯಿಸಿದ್ದು ತಪ್ಪಾಯಿತು ಅಂತ ಹಿಚ್‌ಕಾಕೇ ಆಮೇಲೆ ಒಪ್ಪಿಕೊಂಡ. ಬಾಲಚಂದರ್ ಅಂಥದ್ದೇ ಬಾಂಬನ್ನು ಮದರಾಸಿಗೆ ತಂದು ಜನರನ್ನು ನಗಿಸುತ್ತಾ ಹೆದರಿಸಿದರು. ಇದನ್ನು ನಕಲು ಅನ್ನುವವರು ಅನ್ನಲಿ. ಇಂಥ ನಕಲು ವರ್ಷಕ್ಕೆ ಒಂದು ಸಿಕ್ಕರೂ ನನಗೆ ಸಾಕು.

ನನ್ನ ಹೊಟ್ಟೆ ಉರಿಸುವ ವಿಷಯ ಬೇರೆ ಇದೆ. ಇದೇ ಬಾಲಚಂದರ್ 1954ರಲ್ಲಿ ಮದರಾಸಿನ ಎವಿಎಂ ಸ್ಟುಡಿಯೋಗೆ 'ಅಂದ ನಾಳ್' ಮಾಡಿದ್ದರು. ಹಾಡಿಲ್ಲ, ಕುಣಿತ ಇಲ್ಲ. ಜಪಾನಿನವರು ಮದರಾಸಿನ ಮೇಲೆ ಬಾಂಬ್ ಹಾಕಿದ ಹೊತ್ತಿನ ಕಥೆ. ಶಿವಾಜಿ ಗಣೇಶನ್ ಶುರುವಿನಲ್ಲೇ ಗುಂಡೇಟು ತಿಂದು ಬೀಳುತ್ತಾರೆ. ಯಾರು ಕೊಂದರು ಅಂತ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅದರ ನಾಯಕಿ ನಮ್ಮ ಪಂಢರಿಬಾಯಿ, ಭಟ್ಕಳದವರು. ಅದೇ ವರ್ಷ ಇತ್ತ 'ಬೇಡರ ಕಣ್ಣಪ್ಪ'ದಲ್ಲೂ ಅವರೇ. ಒಂದೇ ವರ್ಷದಲ್ಲಿ ಎಂಥ ಎರಡು ಸಿನಿಮಾ! ಬಂದಾಗ 'ಅಂದ ನಾಳ್' ಓಡಲಿಲ್ಲ. ಆದರೂ ಇವತ್ತು ತಮಿಳು ಸಿನಿಮಾದ ಇತಿಹಾಸ ಅಂತ ಯಾರೇ ಬಾಯಿ ತೆರೆದರೂ ಅದರ ಹೆಸರು ಬರುತ್ತದೆ. ಬರಲೇಬೇಕು, ನನ್ನ ತಕರಾರು ಅದಲ್ಲ. 'ಬೊಮ್ಮೈ' ಹೆಸರು ಯಾಕೆ ಬರಲ್ಲ? ಒಂದರಲ್ಲಿ ಎಲ್ಲರೂ ಗಂಭೀರ, ಇನ್ನೊಂದರಲ್ಲಿ ನಗು ಇದೆ. ಅಷ್ಟೇ ಅಲ್ವಾ ವ್ಯತ್ಯಾಸ? ನಗಿಸಿದವರಿಗೆ ಚಪ್ಪಾಳೆ, ಗಂಟುಮುಖದವರಿಗೆ ಇತಿಹಾಸ.

ಈಗ ಸ್ವಲ್ಪ ಬೇರೆ ಮಾತು. ಅಪ್ಪ ತೀರಿಕೊಂಡ ದಿನ ಚಟ್ಟಕ್ಕೆ ಬಿದಿರು ತರಲು ನಮ್ಮ ಸೋದರಮಾವ ಹೋಗಿದ್ದರು. ಮನೆ ತುಂಬ ಅಳು. ಅವರು ಬಂದವರೇ ಅಮ್ಮನ ಮುಂದೆ ನಿಂತು, "ಚೌಕಾಸಿ ಮಾಡಿ ಭಾವನ ದುಡ್ಡು ಐವತ್ತು ರೂಪಾಯಿ ಉಳಿಸಿದೀನಿ ಕಣೇ" ಎಂದರು. ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಮೊದಲು ನಕ್ಕಿದ್ದು ಅಮ್ಮ. ಅಳುತ್ತಲೇ ನಕ್ಕಳು. ಆಮೇಲೆ ನಾವೂ. ಇದನ್ನು ಸಿನಿಮಾದಲ್ಲಿ ಇಟ್ಟರೆ "ಟೋನ್ ಹಾಳಾಯ್ತು" ಅಂತ ಯಾರಾದರೂ ವಿಮರ್ಶೆ ಬರೆಯುತ್ತಾರೆ.

ಹಾಗಂತ ನಗಿಸುವ ಥ್ರಿಲ್ಲರ್ ಈಗಿನವರು ಯಾರೂ ಮಾಡಿಲ್ಲ ಅಂತಲ್ಲ. 2019ರಲ್ಲಿ ನಮ್ಮ 'ಬೆಲ್ ಬಾಟಂ' ಬಂತು, ಜನ ನಗುತ್ತಲೇ ಕಳ್ಳನನ್ನು ಹುಡುಕಿದರು. ಸಿನಿಮಾ ಓಡಿತು ಕೂಡ. ಆದರೂ ಥ್ರಿಲ್ಲರ್ ಮಾಡುತ್ತೇವೆ ಅಂತ ಹೊರಟವರು ಮೊದಲು ಮಾಡುವ ಕೆಲಸ ಲೈಟ್ ಆರಿಸುವುದು.

ಬಾಲಚಂದರ್ ಸಾಮಾನ್ಯ ಆಸಾಮಿ ಅಲ್ಲ. 1934ರ 'ಸೀತಾ ಕಲ್ಯಾಣಂ'ನಲ್ಲಿ ರಾವಣನ ಆಸ್ಥಾನದಲ್ಲಿ ಖಂಜಿರ ಬಾರಿಸುವ ಪುಟ್ಟ ಹುಡುಗ ಅವರೇ. ಗುರುವಿಲ್ಲದೆ ತಾವೇ ವೀಣೆ ಕಲಿತರು. ಪದ್ಮಭೂಷಣ ಬಂತು. ತಿರುವಾಂಕೂರಿನ ರಾಜ ಸ್ವಾತಿ ತಿರುನಾಳ್ ನಿಜಕ್ಕೂ ಕೃತಿಗಳನ್ನು ರಚಿಸಿದ್ದರೇ ಅಂತ ಪ್ರಶ್ನೆ ಎತ್ತಿ ಸಂಗೀತ ಲೋಕವನ್ನೇ ಎದುರು ಹಾಕಿಕೊಂಡು ಜಗಳಕ್ಕೆ ನಿಂತರು. 'ಬೊಮ್ಮೈ'ಗೆ ನಿರ್ದೇಶನ ಮಾತ್ರ ಅಲ್ಲ, ಸಂಗೀತವೂ ಅವರದೇ, ನಟನೆಯೂ ಇದೆ. ಯೇಸುದಾಸ್ ತಮಿಳಿನಲ್ಲಿ ಶುರುವಿನ ದಿನಗಳಲ್ಲಿ ಹಾಡಿದ ಹಾಡುಗಳಲ್ಲಿ ಇದರ 'ನೀಯುಂ ಬೊಮ್ಮೈ ನಾನುಂ ಬೊಮ್ಮೈ' ಕೂಡ ಒಂದು. ವೀಣೆಯ ಮುಂದೆ ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ ಗೊಂಬೆ, ಬಾಂಬು ಅಂತ ಇಷ್ಟು ಆಟ ಆಡಿದ್ದಾರೆ. ಅದಕ್ಕೇ ಇಷ್ಟ ನನಗೆ.

ನೋಡುವವರಿಗೆ ಒಂದೆರಡು ಮಾತು. ಇದು ಅರವತ್ತು ವರ್ಷ ಹಳೆಯ ಸಿನಿಮಾ. ಶುರುವಿನಲ್ಲಿ ಸ್ವಲ್ಪ ಎಳೆಯುತ್ತದೆ, ನಿಜ. ಕೆಲವರ ನಟನೆ ಜಾಸ್ತಿಯೂ ಆಯಿತು. ಕಥೆಯನ್ನು ಮೊದಲೇ ಓದಿಕೊಂಡು ಕೂರಬೇಡಿ. ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಮಧ್ಯೆ ಮಧ್ಯೆ ತಲೆ ಎತ್ತಿದರೆ ಗೊಂಬೆ ಯಾರ ಕೈಯಲ್ಲಿದೆ ಅಂತಲೇ ಗೊತ್ತಾಗಲ್ಲ. ಬೇಜಾರಾದರೆ ಬೇರೆ ಹಾಡುಗಳನ್ನು ಓಡಿಸಿಕೊಳ್ಳಿ, ನಾನೇನೂ ಅನ್ನಲ್ಲ. ಯೇಸುದಾಸ್ ಹಾಡನ್ನು ಓಡಿಸಿದ್ದು ಗೊತ್ತಾದರೆ ಮಾತ್ರ ಅನ್‌ಫ್ರೆಂಡ್ ಮಾಡ್ತೀನಿ.