ಉಣುಗು ಕಿತ್ತು ಬಿಸಾಕಿದರೆ ಮುಗೀತಾ?

"ಉಣುಗು ಕಚ್ಚಿದ್ರೆ ಗಾಬರಿ ಬೇಡ, 24 ಗಂಟೆಯೊಳಗೆ ಕಿತ್ತು ಬಿಸಾಕಿ, ಏನೂ ಆಗಲ್ಲ." ಆಸ್ಟ್ರಿಯಾ, ಸ್ಲೊವೇನಿಯಾ ಕಡೆ ಟ್ರೆಕ್ಕಿಂಗ್ ಹೊರಟವರಿಗೆ ಯಾರೋ ಪುಣ್ಯಾತ್ಮರು ಕೊಟ್ಟ ಸಲಹೆ, ಈಗಷ್ಟೇ ಓದಿದೆ. ಕೆಳಗೆ ಚಪ್ಪಾಳೆ, ಹಾರ್ಟು, 'ಥ್ಯಾಂಕ್ಯೂ ಸರ್'ಗಳ ಸಾಲು. ಮೈಯೆಲ್ಲ ಉರಿದುಹೋಯಿತು.

ಸ್ವಾಮಿ, ಆ 24 ಗಂಟೆಯ ಲೆಕ್ಕ ಲೈಮ್ ಕಾಯಿಲೆಯದ್ದು. ಲೈಮ್ ಬ್ಯಾಕ್ಟೀರಿಯಾ ಇರುವುದು ಉಣುಗಿನ ಹೊಟ್ಟೆಯಲ್ಲಿ. ಅಲ್ಲಿಂದ ಜೊಲ್ಲಿಗೆ ಬಂದು ನಮ್ಮ ಮೈ ಸೇರಲು ಸಾಮಾನ್ಯವಾಗಿ ಒಂದು ದಿನವಾದರೂ ಬೇಕು. ಟಿಬಿಇ, ಅಂದರೆ ಉಣುಗು ಹರಡುವ ಮಿದುಳುಜ್ವರದ ಕಥೆಯೇ ಬೇರೆ. ನಮ್ಮ ಮಂಗನ ಕಾಯಿಲೆಯ ವೈರಸ್ಸಿಗೆ ದಾಯಾದಿಯಾದ ಈ ವೈರಸ್ಸು ಜೊಲ್ಲಿನಲ್ಲೇ ಕಾದು ಕೂತಿರುತ್ತದೆ. ಕಚ್ಚಿದ ಕೆಲವೇ ನಿಮಿಷಗಳಲ್ಲಿ ಒಳಗೆ. ಸಂಜೆ ಸ್ನಾನದ ಹೊತ್ತಿಗೆ ನೀವು ಕಂಡುಹಿಡಿದು ಕೀಳುವಷ್ಟರಲ್ಲಿ ಅದರ ಕೆಲಸ ಆಗಿರುತ್ತದೆ. ಕಂಡರೆ ತಾನೇ? ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ, ಕಚ್ಚಿದ್ದು ನೋಯುವುದೂ ಇಲ್ಲ. ಮಂಡಿಯ ಹಿಂದೆ, ತೊಡೆಸಂದಿನಲ್ಲಿ, ಕೂದಲೊಳಗೆ ಹೋಗಿ ಕೂರುತ್ತದೆ.

ಕೀಳಬೇಡಿ ಅಂತಲ್ಲ. ಕೀಳಿ, ಲೈಮ್‌ನಿಂದಾದರೂ ಬಚಾವಾಗುತ್ತೀರಿ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ, ನೇಲ್ ಪಾಲಿಶ್ ಪ್ರಯೋಗ ಬೇಡ. ಕೆರಳಿದ ಉಣುಗು ಇನ್ನಷ್ಟು ಜೊಲ್ಲು ಬಿಡಬಹುದು. ಆದರೆ ಕಿತ್ತ ಮಾತ್ರಕ್ಕೆ ಟಿಬಿಇ ತಪ್ಪಿತು ಅಂದುಕೊಳ್ಳಬೇಡಿ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ನುಂಗಿದರೂ ಇಲ್ಲ, ವೈರಸ್ಸಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ರೋಗ ಬಂದ ಮೇಲೆ ಕೊಡುವ ನಿರ್ದಿಷ್ಟ ಔಷಧಿಯೂ ಇಲ್ಲ.

ಇರುವುದು ಲಸಿಕೆ. ಯುರೋಪಿನಲ್ಲಿ ಎಫ್‌ಎಸ್‌ಎಂಇ-ಇಮ್ಯೂನ್, ಎನ್ಸೆಪುರ್ ಎಂಬ ಎರಡು ಬಳಕೆಯಲ್ಲಿವೆ. ಮೊದಲನೆಯದಾದರೆ ಒಂದು ಡೋಸ್, 1ರಿಂದ 3 ತಿಂಗಳಿಗೆ ಎರಡನೆಯದು, ಅದಾಗಿ 5ರಿಂದ 12 ತಿಂಗಳಿಗೆ ಮೂರನೆಯದು. ಅವಸರವಿದ್ದರೆ ಎರಡನೆಯದನ್ನು 14 ದಿನಕ್ಕೇ ಹಾಕಬಹುದು, ಆದರೆ ಅದು ಕೆಲಸ ಶುರುಮಾಡಲು ಇನ್ನೆರಡು ವಾರ ಬಿಡಬೇಕು. ಎನ್ಸೆಪುರ್‌ಗೆ 0, 7, 21ನೇ ದಿನದ ತ್ವರಿತ ಕ್ರಮವಿದೆ. ಅಂದರೆ ಎಷ್ಟೇ ಓಡಿದರೂ ಸುಮಾರು ನಾಲ್ಕು ವಾರ ಕೈಯಲ್ಲಿರಬೇಕು. ಲಸಿಕೆ ಎಲ್ಲ ದೇಶದಲ್ಲೂ ಸಿಗುವುದಿಲ್ಲ, ಹಾಗಾಗಿ ಹುಡುಕುವ ಸಮಯವನ್ನೂ ಸೇರಿಸಿಕೊಳ್ಳಿ. ಟಿಕೆಟ್ ಬುಕ್ ಮಾಡಲು ಆರು ತಿಂಗಳು ಮೊದಲೇ ಕೂರುವ ಜನ, ವಿಮಾನ ಹತ್ತುವ ಹಿಂದಿನ ವಾರ "ಏನಾದ್ರೂ ಇಂಜೆಕ್ಷನ್ ಇದೆಯಾ ಡಾಕ್ಟ್ರೇ?" ಅಂತಾರೆ! ಒಂದೇ ಡೋಸಿಗೆ ನೆಚ್ಚಿಕೊಳ್ಳುವಂತಿಲ್ಲ. ಎರಡು ಹಾಕಿಸಿ ಮೂರನೆಯದನ್ನು ಮರೆತರೆ ರಕ್ಷಣೆ ಮುಂದಿನ ವರ್ಷಗಳಿಗೆ ಉಳಿಯುವುದಿಲ್ಲ. ಮೊಟ್ಟೆಯ ತೀವ್ರ ಅಲರ್ಜಿ ಇದ್ದರೆ ಮೊದಲೇ ಹೇಳಿ, ಇವನ್ನು ತಯಾರಿಸುವುದು ಕೋಳಿ ಭ್ರೂಣದ ಜೀವಕೋಶಗಳಲ್ಲಿ. ಅರವತ್ತು ದಾಟಿದವರಂತೂ ಸದರ ಮಾಡಲೇಬಾರದು. ವಯಸ್ಸಾದಷ್ಟೂ ರೋಗ ಬಿರುಸು.

"ಆಸ್ಟ್ರಿಯಾದಲ್ಲಿ ಕೇಸುಗಳೇ ಕಮ್ಮಿಯಂತಲ್ಲ?" ಅನ್ನುವ ಬುದ್ಧಿವಂತರೂ ಇದ್ದಾರೆ. ಅಲ್ಲಿ 1980ರ ದಶಕದ ಆರಂಭದಿಂದ ದೇಶಾದ್ಯಂತ ಲಸಿಕೆ ಹಾಕುತ್ತ ಬಂದಿದ್ದಾರೆ. ಕಮ್ಮಿಯಾಗಿದ್ದು ರೋಗಿಗಳು, ಕಾಡಿನ ವೈರಸ್ಸಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗವಲ್ಲ, ಆದ್ದರಿಂದ ಪಕ್ಕದವರ ಲಸಿಕೆ ನಿಮ್ಮನ್ನು ಕಾಯುವುದಿಲ್ಲ.

ವಿಯೆನ್ನಾ, ಪ್ರಾಗ್‌ನಲ್ಲಿ ಅರಮನೆ, ಮ್ಯೂಸಿಯಂ ನೋಡಿ ಬರುವವರಿಗೆ ಇದೆಲ್ಲ ಬೇಕಿಲ್ಲ, ಒಪ್ಪಿದೆ. ಆದರೆ ಏಪ್ರಿಲ್‌ನಿಂದ ನವೆಂಬರ್ ನಡುವೆ ಬವೇರಿಯಾ, ಲಿಥುವೇನಿಯಾ, ಎಸ್ಟೋನಿಯಾದ ಕಾಡಂಚಿನಲ್ಲಿ ಟೆಂಟ್ ಹಾಕುವವರೂ ಇದನ್ನೇ ಹೇಳಿಕೊಂಡು ನುಣುಚಿಕೊಂಡರೆ ಹೇಗೆ?

ಲಸಿಕೆಗೆ ಹೊತ್ತು ಮೀರಿದ್ದರೆ ಕಚ್ಚಿಸಿಕೊಳ್ಳದಿರುವುದೊಂದೇ ದಾರಿ. ಉಣುಗು ಮರದಿಂದ ಉದುರುವುದಿಲ್ಲ, ಹಾರುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾಯುತ್ತದೆ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಚೆಂದ ಕಾಣದಿದ್ದರೆ ಕಾಣದಿರಲಿ. ಬಟ್ಟೆ, ಶೂಗೆ 0.5% ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಪೂರ್ತಿ ಒಣಗಿಸಿ ಹಾಕಿಕೊಳ್ಳಿ. ಮೈಗೆ ಅದನ್ನು ಹಚ್ಚಬಾರದು, ಮೈಗೆ ಉಣುಗನ್ನು ದೂರವಿಡುವ 20% ಇಕಾರಿಡಿನ್ ಅಥವಾ ಡೀಟ್. ಬಂದ ಮೇಲೆ ಒಣ ಬಟ್ಟೆಯನ್ನು ಡ್ರೈಯರ್‌ನಲ್ಲಿ ಜೋರು ಬಿಸಿಗೆ ಹತ್ತು ನಿಮಿಷ ತಿರುಗಿಸಿ. ತಣ್ಣೀರಿನಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ. ಇನ್ನು ಹಳ್ಳಿ ಮನೆಯ ಹಸಿ ಆಡಿನ ಹಾಲು, ಅದರ ಚೀಸ್ ಬೇಡ. ವೈರಸ್ಸು ಅದರಲ್ಲೂ ಬರುತ್ತದೆ, ಅಲ್ಲಿ ಕೀಳಲು ಉಣುಗೂ ಇರುವುದಿಲ್ಲ.

ಟಿಬಿಇ ತಗಲಿದರೆ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಜ್ವರ, ಮೈಕೈ ನೋವು ಬರುತ್ತದೆ. ಬಿಡುತ್ತದೆ. ಫ್ಲೂ ಅಂದುಕೊಂಡು ಸುಮಾರು ಒಂದು ವಾರ ಆರಾಮಾಗಿ ಓಡಾಡುತ್ತೀರಿ. ಆಮೇಲೆ ಮತ್ತೆ ಜ್ವರ, ವಿಪರೀತ ತಲೆನೋವು, ಕತ್ತು ಬಿಗಿತ, ಗೊಂದಲ ಕಾಣಿಸಿಕೊಂಡರೆ ಅದು ಮಿದುಳಿಗೆ ಇಳಿದಿರಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ಆದವರು ಮನೆಯಲ್ಲಿ ಕೂರಬಾರದು. ನೇರ ಆಸ್ಪತ್ರೆಗೆ ಹೋಗಿ, ಯಾವ ದೇಶದ ಯಾವ ಕಾಡಿಗೆ ಹೋಗಿದ್ದಿರಿ, ಯಾವ ದಿನ ಅಂತ ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅಲ್ಲಿನ ವೈದ್ಯರಿಗೆ ಟಿಬಿಇ ಪರೀಕ್ಷೆ ಮಾಡಿಸುವುದು ಹೊಳೆಯುವುದು ಕಷ್ಟ.